ಇಂಥ ಸಂಖ್ಯೆಯ ಮನೆಯಿಲ್ಲ

2023ರ ಮಾರ್ಚ್ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ಹೆಚ್ಚುಕಡಿಮೆ ಪ್ರತಿ ಶನಿವಾರವೂ, ನಾನು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಅಂಚಿನಲ್ಲಿರುವ ಒಂದು ಮನೆಯ ನೆಲಮಾಳಿಗೆಯಲ್ಲಿ ಕುಳಿತು, ತೀರಿಕೊಂಡ ಗೆಳೆಯರೊಬ್ಬರ ಬೇಸ್‌ಬಾಲ್ ಕಾರ್ಡುಗಳನ್ನು ಎಣಿಸಿ, ವಿಂಗಡಿಸಿ, ಪಟ್ಟಿ ಮಾಡಿ, ಅವಕ್ಕೊಂದು ಗತಿ ಕಾಣಿಸುವ ಕೆಲಸ ಮಾಡಿದೆ. ಅವರ ಹೆಸರನ್ನು ಬರೆಯಬಾರದೆಂದು ಅವರ ಪತ್ನಿ ಕೇಳಿಕೊಂಡಿದ್ದಾರೆ. ಅವರು ಮೂವತ್ತು ವರ್ಷಕ್ಕೂ ಮೀರಿ ಮನೆಮನೆಗೆ ಅಂಚೆ ಹಂಚಿದವರು, ನನಗಿಂತ ಇಪ್ಪತ್ತೈದು ವರ್ಷ ಹಿರಿಯರು, ಮತ್ತು ಈ ಊರಿನಲ್ಲಿ ನನ್ನ ಹೆಸರನ್ನು ಮೊಟಕುಗೊಳಿಸದೆ ಪೂರ್ತಿಯಾಗಿ ಹೇಳಲು ಕಲಿತ ಮೊದಲಿಗರು ಎಂಬಷ್ಟನ್ನು ತಿಳಿಸಿದರೆ ಸಾಕು.

ಬೇಸ್‌ಬಾಲ್ ಕಾರ್ಡೆಂದರೆ ಸಾಮಾನ್ಯವಾಗಿ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರದ ಒಂದು ರಟ್ಟಿನ ತುಂಡು. ಮುಂಭಾಗದಲ್ಲಿ ಆಟಗಾರನ ಚಿತ್ರ, ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಅವನ ಆಟದ ಅಂಕಿಅಂಶ, ಒಂದು ಮೂಲೆಯಲ್ಲಿ ಕ್ರಮಸಂಖ್ಯೆ. ಶತಮಾನದ ಹಿಂದೆ ಸಿಗರೇಟಿನ ಪೊಟ್ಟಣಗಳಲ್ಲಿ ಬರುತ್ತಿದ್ದ ಇವು ಆಮೇಲೆ ಬಬಲ್ ಗಮ್ ಜೊತೆ ಬರತೊಡಗಿದವು. ಬ್ರೂಕ್ಲಿನ್‌ನ ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ 407 ಕಾರ್ಡುಗಳ ಸರಣಿಯೇ ಇಂದಿಗೂ ಈ ಹವ್ಯಾಸದ ಅಳತೆಗೋಲು. ಮೈಸೂರಿನಲ್ಲಿ ಬೆಳೆದ ನಾನು ಬೆಂಕಿಪೊಟ್ಟಣದ ಚಿತ್ರಗಳನ್ನೂ, 1987ರ ವಿಶ್ವಕಪ್ ಹೊತ್ತಿನಲ್ಲಿ ಬಬಲ್ ಗಮ್ ಜೊತೆ ಸಿಗುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನೂ ಕೂಡಿಟ್ಟವನಾದ್ದರಿಂದ, ಇದೊಂದು ಪರಕೀಯ ಹುಚ್ಚೆಂದು ನನಗೆಂದೂ ಅನ್ನಿಸಲಿಲ್ಲ. ನನ್ನ ಸಂಗ್ರಹವನ್ನು ಅಮ್ಮ ಒಂದು ದೀಪಾವಳಿಗೆ ಮನೆ ಗುಡಿಸುವಾಗ ಒಲೆಗೆ ಹಾಕಿದ್ದರು. ಅಮೆರಿಕದ ತಾಯಂದಿರೂ ಅದನ್ನೇ ಮಾಡಿದ್ದರೆಂದು ತಿಳಿದಾಗ ಈ ದೇಶದ ಬಗ್ಗೆ ಮೊದಲ ಬಾರಿಗೆ ಒಂದಿಷ್ಟು ಸಲಿಗೆ ಹುಟ್ಟಿತು.

ನಾನು ಓದಲೆಂದು ಇಲ್ಲಿಗೆ ಬಂದದ್ದು 1998ರ ಆಗಸ್ಟ್‌ನಲ್ಲಿ. ಮಾರ್ಕ್ ಮೆಗ್ವೈರ್ ಮತ್ತು ಸ್ಯಾಮಿ ಸೋಸಾ ಎಂಬ ಆಟಗಾರರಿಬ್ಬರೂ ಹೋಮ್ ರನ್ನುಗಳ, ಅಂದರೆ ಚೆಂಡನ್ನು ಮೈದಾನದಾಚೆಗೆ ಅಟ್ಟುವ ಹೊಡೆತಗಳ, ಹಳೆಯ ದಾಖಲೆಯ ಬೆನ್ನು ಹತ್ತಿದ್ದ ದಿನಗಳವು. ಪ್ರಯೋಗಾಲಯದಲ್ಲಿ, ಬಸ್ಸಿನಲ್ಲಿ, ಕಾಫಿ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ಮಾತಿಗೆ ಸೇರಿಕೊಳ್ಳುವ ಆಸೆಯಿಂದ ಒಂದು ಪೊಟ್ಟಣ ಕಾರ್ಡು ಕೊಂಡೆ. ಮರುವರ್ಷದ ವಸಂತದಲ್ಲಿ, ಒಂದು ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ನಡೆಯುತ್ತಿದ್ದ ಕಾರ್ಡು ಸಂತೆಗೆ ಹೋದಾಗ, ಮಡಿಸುವ ಮೇಜಿನ ಹಿಂದೆ ಕುಳಿತಿದ್ದ ಅವರನ್ನು ಮೊದಲು ಕಂಡೆ. ಅವರ ಮೇಜಿನ ಮೇಲೆ ಬೆಲೆಚೀಟಿ ಅಂಟಿಸಿದ ಕಾರ್ಡು ಒಂದೂ ಇರಲಿಲ್ಲ. ಅವರು ಮಾರುತ್ತಿರಲಿಲ್ಲ, ಅದಲುಬದಲು ಮಾತ್ರ ಮಾಡುತ್ತಿದ್ದರು. 1973ರ ಟಾಪ್ಸ್ ಸರಣಿಯ 50ನೆಯ ಕಾರ್ಡಿನ ಮುಂದೆ ನಾನು ನಿಂತುಬಿಟ್ಟೆ. ಅದು ರಾಬರ್ಟೋ ಕ್ಲೆಮೆಂಟೆಯದು. ಹದಿನೆಂಟು ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವೊಂದಕ್ಕೇ ಆಡಿ, 1972ರ ಸೆಪ್ಟೆಂಬರ್ 30ರಂದು ತನ್ನ ಮೂರು ಸಾವಿರನೆಯ ಯಶಸ್ವಿ ಹೊಡೆತ ('ಹಿಟ್') ಬಾರಿಸಿ, ಅದೇ ಡಿಸೆಂಬರ್ 31ರ ರಾತ್ರಿ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ ಆಟಗಾರ. ಆ ಕಾರ್ಡು ಮಕ್ಕಳ ಕೈಸೇರುವ ಹೊತ್ತಿಗೆ ಅವನು ಇರಲಿಲ್ಲ.

ಅದಕ್ಕೆ ಬದಲಾಗಿ ಕೊಡಲು ನನ್ನ ಬಳಿ ಏನೂ ಇಲ್ಲವೆಂದೆ. ಅವರು ನನ್ನ ಕೈಯಲ್ಲಿದ್ದ ಊಟದ ಡಬ್ಬಿಯತ್ತ ನೋಡಿ, ಅದರಲ್ಲೇನಿದೆ ಎಂದು ಕೇಳಿದರು. ಮೊಸರನ್ನ, ಅಮ್ಮ ಕಟ್ಟಿಕೊಟ್ಟಿದ್ದ ನಿಂಬೆ ಉಪ್ಪಿನಕಾಯಿಯ ಕೊನೆಯ ನಾಲ್ಕು ಹೋಳು. ಒಂದು ಹೋಳು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಉಳಿದ ಮೂರನ್ನೂ ತೆಗೆದುಕೊಂಡು, ವ್ಯಾಪಾರ ಮುಗಿಯಿತೆಂದರು. ಉಚಿತವಾಗಿ ಕೊಡುವುದು ಅವರ ನಿಯಮದಲ್ಲಿರಲಿಲ್ಲ. ಕೊಟ್ಟವನು ಕೊಟ್ಟೆನೆಂದು ಮರೆಯಬಹುದು, ತೆಗೆದುಕೊಂಡವನು ಬೇಗನೆ ಮರೆಯುತ್ತಾನೆ, ಬದಲಿಗೆ ಏನಾದರೂ ಕೈ ಬದಲಾದರೆ ಇಬ್ಬರಿಗೂ ನೆನಪಿರುತ್ತದೆ ಎಂಬುದು ಅವರ ಲೆಕ್ಕ.

ಅಲ್ಲಿಂದ ಇಪ್ಪತ್ನಾಲ್ಕು ವರ್ಷ. ಕಾರ್ಡನ್ನು ಅಂಚಿನಲ್ಲಿ ಹಿಡಿಯುವುದು, ಅಂಚು ಕತ್ತರಿಸಿ ಚೊಕ್ಕಗೊಳಿಸಿದ ಕಾರ್ಡನ್ನು ಅಳತೆಯಿಂದಲೂ ಅಂಚಿನ ಹೊಳಪಿನಿಂದಲೂ ಗುರುತಿಸುವುದು, ಹಳೆಯ ಕಾರ್ಡೆಂದು ತೋರಿಸಿದ್ದನ್ನು ನೇರಳಾತೀತ ದೀಪದ ಕೆಳಗೆ ಹಿಡಿದು ನೋಡುವುದು, ಇವೆಲ್ಲ ಅವರಿಂದ ಕಲಿತದ್ದು. ಶತಮಾನದ ಹಿಂದಿನ ಕಾಗದದಲ್ಲಿ ಬಿಳುಪುಕಾರಕ ರಾಸಾಯನಿಕಗಳಿರದ ಕಾರಣ ಅದು ಆ ಬೆಳಕಿನಲ್ಲಿ ಮಂಕಾಗಿಯೇ ಉಳಿಯಬೇಕು. ಹೊಳೆದರೆ ಅದು ಇತ್ತೀಚಿನ ನಕಲು. ಕ್ಲೆಮೆಂಟೆಯನ್ನು 1957ರಿಂದ 1969ರವರೆಗೆ ಟಾಪ್ಸ್ ಕಂಪನಿ ತನ್ನ ಕಾರ್ಡುಗಳಲ್ಲಿ 'ಬಾಬ್' ಎಂದು ಮುದ್ರಿಸಿದ್ದನ್ನು ಅವರು ಎಂದೂ ಕ್ಷಮಿಸಲಿಲ್ಲ. ತನ್ನ ಹೆಸರು ರಾಬರ್ಟೋ ಎಂದು ಪೋರ್ಟೊ ರಿಕೊದ ಆ ಮನುಷ್ಯ ಹೇಳುತ್ತಲೇ ಇದ್ದರೂ ಕೇಳಿಸಿಕೊಳ್ಳದವರ ಬಗ್ಗೆ ಅವರಿಗಿದ್ದ ಸಿಟ್ಟೇ ನನ್ನ ಹೆಸರನ್ನು ಕಲಿಯಲು ಎರಡು ವಾರ ತಿಣುಕುವಂತೆ ಮಾಡಿತೆಂದು ನನ್ನ ಅನುಮಾನ. ವಿಳಾಸದಲ್ಲಿ ಹೆಸರು ತಪ್ಪಾದರೆ ಕಾಗದ ತಲುಪುವುದಿಲ್ಲ ಎಂದಷ್ಟೇ ಅವರು ಹೇಳುತ್ತಿದ್ದರು.

2023ರ ಜನವರಿಯಲ್ಲಿ ಅವರು ತೀರಿಕೊಂಡರು. ಹೃದಯದ ಕಾಯಿಲೆ, ಅದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಆರು ವಾರದ ನಂತರ ಅವರ ಪತ್ನಿ ದೂರವಾಣಿ ಮಾಡಿ, ಆಸ್ತಿಯ ಕಾಗದಪತ್ರಕ್ಕೆ ವಕೀಲರು ಸಂಗ್ರಹದ ಪಟ್ಟಿ ಕೇಳುತ್ತಿದ್ದಾರೆ, ಕೆಳಗಿಳಿದು ದೀಪ ಹಾಕಿದರೆ ಏನನ್ನು ಮೊದಲು ಮುಟ್ಟಬೇಕೆಂದೇ ತಿಳಿಯುವುದಿಲ್ಲ ಎಂದರು.

ನನಗೂ ತಿಳಿಯಲಿಲ್ಲ. ಮೂರು ಗೋಡೆಗಳುದ್ದಕ್ಕೂ ಅವರೇ ಮಾಡಿದ ಮರದ ಕಪಾಟುಗಳು, ಐದೈದು ಸಾವಿರ ಕಾರ್ಡು ಹಿಡಿಯುವ ಬಿಳಿಯ ರಟ್ಟಿನ ಪೆಟ್ಟಿಗೆಗಳು, ನಲವತ್ತೊಂದು ಬೈಂಡರುಗಳು, ಸದಾ ಗುಂಯ್‌ಗುಡುವ ತೇವ ಹೀರುವ ಯಂತ್ರ. ಮೊದಲ ಶನಿವಾರ ನಾನು ಎಣಿಸಲೂ ಹೋಗಲಿಲ್ಲ; ಪೆಟ್ಟಿಗೆಗಳ ಮೇಲಿನ ಬರಹವನ್ನು ಓದುತ್ತ ಸುತ್ತಿದೆ. ಅಂದಾಜಿಗೆ ತೊಂಬತ್ತು ಸಾವಿರ ಕಾರ್ಡುಗಳಿದ್ದವು. ಹತ್ತಿರದ ಬಂಧುವೊಬ್ಬರು ಅಷ್ಟರಲ್ಲೇ ಎರಡು ಬಾರಿ ಕರೆಮಾಡಿ, "ಆ ವ್ಯಾಗ್ನರ್ ಇದೆಯೇ?" ಎಂದು ವಿಚಾರಿಸಿದ್ದರು. 1909ರಿಂದ 1911ರವರೆಗೆ ಸಿಗರೇಟಿನ ಪೊಟ್ಟಣಗಳಲ್ಲಿ ಬಂದ, ಸಂಗ್ರಾಹಕರು ಟಿ206 ಎಂದು ಕರೆಯುವ ಸರಣಿಯಲ್ಲಿ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರನ ಕಾರ್ಡು ಅತ್ಯಂತ ವಿರಳ. 2022ರಲ್ಲಿ ಅದರ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾದದ್ದನ್ನು ಪತ್ರಿಕೆಗಳೆಲ್ಲ ಬರೆದಿದ್ದವು. ಇತ್ತು, ವ್ಯಾಗ್ನರ್ ಇದ್ದ: ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ, ಅಯಸ್ಕಾಂತದ ಕೆಳಗೆ, ಒಂದು ಡಾಲರಿಗೆ ಕೊಂಡ ಮರುಮುದ್ರಣದ ರೂಪದಲ್ಲಿ.

ಮೂರು ಮೇಜು ಹಾಕಿಕೊಂಡೆ. ಒಂದರ ಮೇಲೆ ಬಿಡಿಯಾಗಿ ಬೆಲೆ ಕಟ್ಟಬೇಕಾದವು, ಇನ್ನೊಂದರ ಮೇಲೆ ಸೆಟ್ಟಾಗಿಯೇ ಉಳಿಯಬೇಕಾದವು, ಮೂರನೆಯದರ ಮೇಲೆ ಉಳಿದೆಲ್ಲ. ಮೂರನೆಯ ಮೇಜು ಮೊದಲ ತಿಂಗಳಲ್ಲೇ ತುಂಬಿ ನೆಲಕ್ಕಿಳಿಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಕಾರ್ಡುಗಳು 1986ರಿಂದ 1993ರ ನಡುವಿನವು, ಅಂದರೆ ಸಂಗ್ರಾಹಕರು ತಾತ್ಸಾರದಿಂದ 'ಜಂಕ್ ವ್ಯಾಕ್ಸ್' (ಮೇಣಗಾಗದದ ಪೊಟ್ಟಣದ ಕಸ) ಎನ್ನುವ ಕಾಲದವು. 1952ರ ಕಾರ್ಡುಗಳು ವಿರಳವಾದದ್ದು ಅವನ್ನು ಯಾರೂ ಜೋಪಾನ ಮಾಡದ ಕಾರಣಕ್ಕೆ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಸ್ವತಃ ಟಾಪ್ಸ್ ಕಂಪನಿಯೇ 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿತೆಂದು ಆ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಹೇಳಿಕೊಂಡಿದ್ದಾರೆ. ಎಂಬತ್ತರ ದಶಕದಲ್ಲಿ ಹಳೆಯ ಕಾರ್ಡುಗಳ ಬೆಲೆ ಸುದ್ದಿಯಾದೊಡನೆ ಊರಿಗೆ ಊರೇ ಹೊಸ ಕಾರ್ಡುಗಳನ್ನು ಜೋಪಾನ ಮಾಡತೊಡಗಿತು, ಕಂಪನಿಗಳು ಕೇಳಿದಷ್ಟೂ ಮುದ್ರಿಸಿದವು, ಯಾರೂ ಒಂದನ್ನೂ ಎಸೆಯಲಿಲ್ಲ. ನನ್ನ ಗೆಳೆಯರಂಥ ವಿವೇಕಿಯೂ ಮಗಳ ಕಾಲೇಜಿನ ಖರ್ಚಿಗೆಂದು 1987ರ ಟಾಪ್ಸ್‌ನ ತೆರೆಯದ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಮರದ ಹಲಗೆಯಂತೆ ಕಾಣುವ ಚೌಕಟ್ಟಿನ 792 ಕಾರ್ಡುಗಳ ಆ ಸರಣಿ ನನಗಿಷ್ಟ, ಏಕೆಂದರೆ ಅದೇ ವರ್ಷ ನಾನು ಮೈಸೂರಿನಲ್ಲಿ ಗಮ್ ಅಗಿಯುತ್ತ ಕ್ರಿಕೆಟಿಗರನ್ನು ಕೂಡಿಡುತ್ತಿದ್ದೆ. ಮಗಳ ಓದಿಗೆ ಕೊನೆಗೆ ಒದಗಿದ್ದು ಅಂಚೆ ಇಲಾಖೆಯ ಸಂಬಳವೇ.

ಎರಡನೆಯ ಮೇಜಿಗೆ ಬಂದಾಗ ಕೆಲಸದ ರೀತಿಯೇ ಬದಲಾಯಿತು. ಬೈಂಡರಿನ ಹಾಳೆಗಳಲ್ಲಿ ಒಂಬತ್ತೊಂಬತ್ತು ಜೇಬುಗಳಿರುತ್ತವೆ. ಮೊದಲ ಬೈಂಡರಿನ ಮೊದಲ ಜೇಬಿನಿಂದ ಕಾರ್ಡನ್ನು ಹೊರತೆಗೆದಾಗ ಅದರ ಹಿಂದಿನಿಂದ, ಕಾರ್ಡಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿದ ಒಂದು ಬಿಳಿ ಚೀಟಿ ಜಾರಿತು. ಅಂಚೆಯವರ ಅಚ್ಚುಕಟ್ಟಾದ ದಪ್ಪಕ್ಷರದಲ್ಲಿ ಮೂರು ಸಾಲು: ಯಾವ ದಿನ, ಎಲ್ಲಿ, ಏನು ಕೊಟ್ಟು. ಎರಡನೆಯ ಜೇಬಿನಲ್ಲೂ ಇತ್ತು, ಮೂರನೆಯದರಲ್ಲೂ. ಅವರು ಚೀಟಿ ಬರೆಯುತ್ತಾರೆಂದು ನನಗೆ ತಿಳಿದಿತ್ತು. ನಲವತ್ತೊಂದು ಬೈಂಡರಿಗೂ ಬರೆದಿದ್ದಾರೆಂದು ತಿಳಿದಿರಲಿಲ್ಲ. "1966 ಜುಲೈ, ಶಾಲೆಯ ಹಿಂದಿನ ಅಂಗಳ, ಒಂದು ಬೋಗುಣಿ ಚೆರ್ರಿ ಹಣ್ಣು." "1971, ತರಬೇತಿಯ ಬ್ಯಾರಕ್ಕು, ಎರಡು ರಾತ್ರಿಯ ಪಹರೆ." "1984, ಚರ್ಚಿನ ಸಂತೆ, 1953ರ ಮೂರು ಕಾರ್ಡು. ಇದು ತಪ್ಪು ವ್ಯಾಪಾರ." ಹಣದ ಮೊತ್ತ ಬರೆದ ಚೀಟಿ ಅಪರೂಪ, ಮತ್ತು ಅಂಥಲ್ಲಿ ಅಕ್ಷರ ತುಸು ಚಿಕ್ಕದಾಗಿರುತ್ತಿತ್ತೆಂಬುದು ನನ್ನ ಭ್ರಮೆಯಲ್ಲ.

ಅವರ ಕಾರ್ಡುಗಳ ಮೂಲೆಗಳು ದುಂಡಗಾಗಿದ್ದವು, ಕೆಲವು ನಡುವೆ ಮಡಿಕೆ ಬಿದ್ದಿದ್ದವು, ಕೆಲವಕ್ಕೆ ಗುಂಡುಸೂಜಿಯ ತೂತಿತ್ತು. ಬೆಲೆಪಟ್ಟಿಗಳ ಭಾಷೆಯಲ್ಲಿ ಇವುಗಳ ದರ್ಜೆ 'ಕಳಪೆ'ಯಿಂದ 'ಸಾಧಾರಣ'ದವರೆಗೆ. ಅವರಿಗೆ ಬೇಕಾದದ್ದು ಸಂಖ್ಯೆ ಒಂದರಿಂದ ಕೊನೆಯವರೆಗೆ ಸರಣಿ ತುಂಬುವುದು. ಚೊಕ್ಕ ಪ್ರತಿ ಸಿಕ್ಕಿದರೆ ಅದನ್ನು ಬೇರೊಬ್ಬರಿಗೆ ಕೊಟ್ಟು ಮಾಸಿದ ಮೂರನ್ನು ತರುತ್ತಿದ್ದರು. ಅವರ ಆರಾಧ್ಯಪುರುಷ ಆಟಗಾರನಲ್ಲ, ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ. ಸಿರಾಕ್ಯೂಸ್‌ನ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬರ್ಡಿಕ್, ಟಿ206 ಎಂಬಂಥ ಹೆಸರುಗಳನ್ನು ಕೊಟ್ಟ ಮೊದಲ ಸೂಚಿಯನ್ನು ಸಿದ್ಧಪಡಿಸಿದವರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಒಂದು ಮೇಜಿನಲ್ಲಿ ವರ್ಷಗಟ್ಟಲೆ ಕುಳಿತು, ತಾವು ದಾನ ಕೊಟ್ಟ ಮೂರು ಲಕ್ಷಕ್ಕೂ ಮೀರಿದ ಮುದ್ರಿತ ಚೂರುಗಳನ್ನು, ಅವುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳನ್ನು, ಆಲ್ಬಮ್ಮುಗಳಲ್ಲಿ ಜೋಡಿಸಿ 1963ರ ಜನವರಿಯಲ್ಲಿ ಮುಗಿಸಿದರು, ಮಾರ್ಚ್‌ನಲ್ಲಿ ತೀರಿಕೊಂಡರು. ಜೋಡಿಸಿದ್ದು ಅಂಟು ಹಚ್ಚಿ! ಇಂದಿನ ಸಂಗ್ರಾಹಕರು ಇದನ್ನು ಕೇಳಿ ಎದೆ ಹಿಡಿದುಕೊಳ್ಳುತ್ತಾರೆ. ನನ್ನ ಗೆಳೆಯರು ಅದನ್ನು ಕಂಡು ಬಂದ ವಾರವೆಲ್ಲ ನಗುತ್ತಲೇ ಇದ್ದರು: ಅಂಟಿಸಿಬಿಟ್ಟರೆ ಯಾರೂ ಮಾರಲಾರರಲ್ಲ ಎಂದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಏಪ್ರಿಲ್‌ನ ಒಂದು ಸಂಜೆ, ಬೇಗ ಮುಗಿಸುವ ಆತುರದಲ್ಲಿ, 1964ರ ಬೈಂಡರಿನ ಐದು ಹಾಳೆಗಳ ಕಾರ್ಡುಗಳನ್ನೆಲ್ಲ ಹೊರತೆಗೆದು ಒಂದು ಕಡೆ, ಚೀಟಿಗಳನ್ನೆಲ್ಲ ಇನ್ನೊಂದು ಕಡೆ, ಅದೇ ಕ್ರಮದಲ್ಲಿ ಪೇರಿಸಿಟ್ಟೆ. ಕ್ರಮ ಇದ್ದರೆ ಮತ್ತೆ ಜೋಡಿಸಬಹುದೆಂದು ನಂಬಿದ್ದೆ. ತೇವ ಹೀರುವ ಯಂತ್ರವನ್ನು ಸರಿಸಲು ಹೋದಾಗ ನನ್ನ ಮೊಣಕೈ ತಗಲಿ ಚೀಟಿಗಳ ಗೋಪುರ ಉರುಳಿತು. ಚೀಟಿಯ ಮೇಲೆ ಆಟಗಾರನ ಹೆಸರಾಗಲಿ ಸಂಖ್ಯೆಯಾಗಲಿ ಇರಲಿಲ್ಲ. ಜೇಬೇ ಅದರ ವಿಳಾಸ. ನಲವತ್ತೈದು ಚೀಟಿಗಳಲ್ಲಿ ನನಗೆ ಹೇಗೋ ಗುರುತಿಸಿ ಹಿಂದಿರುಗಿಸಲು ಸಾಧ್ಯವಾದದ್ದು ಹದಿನಾಲ್ಕು. ಉಳಿದ ಮೂವತ್ತೊಂದನ್ನು ಹಿಡಿದುಕೊಂಡು ಮೇಲೆ ಹೋಗಿ ಅವರ ಪತ್ನಿಗೆ ಹೇಳಿದಾಗ, ಅವರು ಒಂದೊಂದನ್ನೂ ಗಟ್ಟಿಯಾಗಿ ಓದಿದರು. "1975, ಇಡೀ ಬೇಲಿಗೆ ಬಣ್ಣ ಬಳಿದದ್ದು" ಎಂಬುದನ್ನು ಓದಿ, ಆ ಬೇಲಿಗೆ ಬಣ್ಣ ಬಳಿದದ್ದು ತಾನು, ಅವನಲ್ಲ, ಎಂದರು. ಆ ಮೂವತ್ತೊಂದು ಚೀಟಿಗಳು ಈಗ ಅವರ ಅಡುಗೆಮನೆಯ ಡ್ರಾಯರಿನಲ್ಲಿವೆ. ಅಂದಿನಿಂದ ನಾನು ಒಂದು ಜೇಬು ಬಿಚ್ಚಿದರೆ ಅದರ ಛಾಯಾಚಿತ್ರ ತೆಗೆದು, ಕಾರ್ಡು ಚೀಟಿ ಎರಡನ್ನೂ ಒಂದೇ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಮೇಲೆಯೇ ಮುಂದಿನದನ್ನು ಮುಟ್ಟುತ್ತಿದ್ದೆ. ಕೆಲಸ ಮೂರು ಪಟ್ಟು ನಿಧಾನವಾಯಿತು.

ಮೇ ತಿಂಗಳಲ್ಲಿ ಒಬ್ಬ ವ್ಯಾಪಾರಿ ಬಂದರು. ಕಪಾಟಿನ ಮುಂದೆ ಹತ್ತು ನಿಮಿಷ ನಡೆದು, ಐದು ಬೈಂಡರು ತೆರೆದು, ಹೆಸರಾಂತ ಆಟಗಾರರ ಕಾರ್ಡುಗಳನ್ನಷ್ಟೇ ನೋಡಿ, ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಹೇಳಿದರು. ನಾನು ಬರಿಯ ಕ್ಲೆಮೆಂಟೆ ಕಾರ್ಡುಗಳಿಗೆ ಕಟ್ಟಿದ್ದ ಅಂದಾಜಿಗಿಂತಲೂ ಅದು ಕಡಿಮೆ ಇತ್ತು. ಬೈಂಡರಿನಿಂದ ಉದುರಿದ ಚೀಟಿಯನ್ನು ಅವರು ಬೆರಳಲ್ಲಿ ಮಡಚಿ ಮೇಜಿನ ಮೇಲೆ ಬಿಟ್ಟರು. ಗೆಳೆಯರ ಪತ್ನಿ ಅದನ್ನು ಬಿಡಿಸಿ, ನೆರಿಗೆ ನೇವರಿಸಿ, ಕಾಫಿ ಬೇಕೇ ಎಂದು ಕೇಳಿದ ಧ್ವನಿಯಲ್ಲೇ ಆ ಮನುಷ್ಯರಿಗೆ ಉತ್ತರ ಸಿಕ್ಕಿತು.

ಆದರೂ ಕೆಲವನ್ನು ಮಾರಲೇಬೇಕಿತ್ತು. ಮನೆಯ ಛಾವಣಿ ಸೋರುತ್ತಿತ್ತು. ಪೆನ್ಸಿಲ್ವೇನಿಯಾದಲ್ಲಿ ಸಂಗಾತಿಗೆ ಬರುವ ಆಸ್ತಿಗೆ ಉತ್ತರಾಧಿಕಾರ ತೆರಿಗೆ ಇಲ್ಲ, ಮತ್ತು ಹೀಗೆ ಬಂದ ವಸ್ತುವಿನ ಮೂಲಬೆಲೆಯನ್ನು ಸಾವಿನ ದಿನದ ಮಾರುಕಟ್ಟೆ ಬೆಲೆಯೆಂದೇ ಲೆಕ್ಕ ಹಿಡಿಯುವುದರಿಂದ, ಆ ದಿನದ ಅಂದಾಜುಪಟ್ಟಿಯೊಂದು ಕೈಯಲ್ಲಿದ್ದರೆ ಮುಂದೆ ಮಾರುವಾಗ ಲಾಭದ ತೆರಿಗೆ ಹಗುರಾಗುತ್ತದೆ. ವಕೀಲರು ಪಟ್ಟಿ ಕೇಳಿದ್ದು ಅದಕ್ಕೆ. ಇಂಥ ಕೆಲಸಕ್ಕೆ ಇಳಿಯುವವರು ಕಾರ್ಡುಗಳನ್ನು ಮುಟ್ಟುವ ಮೊದಲು ಈ ಪಟ್ಟಿಯನ್ನು ಮಾಡಿಕೊಳ್ಳುವುದು ಒಳ್ಳೆಯದು. ನಾನು ಅದನ್ನು ಅರಿತದ್ದು ಎರಡನೆಯ ತಿಂಗಳಲ್ಲಿ.

ಹನ್ನೊಂದು ಕಾರ್ಡುಗಳನ್ನು ಆರಿಸಿ ದರ್ಜೆ ಕಟ್ಟಿಸಲು ಕಳಿಸಿದೆವು. ಗ್ರೇಡಿಂಗ್ ಸಂಸ್ಥೆಯವರು ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರ ಚೌಕಟ್ಟಿನ ಮಧ್ಯದಲ್ಲಿದೆಯೇ ಎಂಬುದನ್ನೆಲ್ಲ ಪರೀಕ್ಷಿಸಿ, ಒಂದರಿಂದ ಹತ್ತರೊಳಗೆ ಅಂಕ ಕೊಟ್ಟು, 'ಸ್ಲ್ಯಾಬ್' ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಬೆಸೆದು ಕಳಿಸುತ್ತಾರೆ. ಮಾಸಿದ ಕಾರ್ಡಿಗೆ ಇದನ್ನು ಮಾಡಿಸುವುದು ಅಂಕಕ್ಕಾಗಿ ಅಲ್ಲ, ಅಸಲಿಯೆಂಬ ಮುದ್ರೆಗಾಗಿ. ಶುಲ್ಕಕ್ಕಿಂತ ಕಾರ್ಡಿನ ಬೆಲೆ ಹಲವು ಪಟ್ಟು ಇದ್ದರೆ ಮಾತ್ರ ಅರ್ಥವುಂಟು. ಹನ್ನೊಂದರಲ್ಲಿ ಮುಖ್ಯವಾದದ್ದು 1955ರ 164ನೆಯ ಕಾರ್ಡು, ಕ್ಲೆಮೆಂಟೆಯ ಮೊತ್ತಮೊದಲನೆಯದು. ನಡುವೆ ಎರಡು ಮಡಿಕೆ, ಮೇಲೆ ಒಂದು ತೂತು. ಎರಡು ತಿಂಗಳ ನಂತರ ಒಂದೂವರೆ ಅಂಕ ಪಡೆದು ಬಂತು. ಆ ಸಂಜೆ ನಾವಿಬ್ಬರೂ ಅದನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆವು. ಕವಚದ ನೆತ್ತಿಯ ಮೇಲೆ ವರ್ಷ, ಹೆಸರು, ಸಂಖ್ಯೆ, ಅಂಕ ಇದ್ದವು. "1962, ನನ್ನ ಅಣ್ಣನಿಂದ, ಅವನು ಸೈನ್ಯಕ್ಕೆ ಹೋಗುವ ಬೆಳಿಗ್ಗೆ, ನನ್ನ ಸೈಕಲ್ ದೀಪ" ಎಂಬ ಚೀಟಿ ಕವಚದ ಹೊರಗೆ ಉಳಿಯಿತು. ಅದನ್ನು ಒಳಗೆ ಸೇರಿಸಲು ಯಾವ ಸಂದೂ ಇಲ್ಲ.

ಮಾರಿದ ಪ್ರತಿ ಕಾರ್ಡಿನೊಂದಿಗೂ ಅದರ ಚೀಟಿಯನ್ನು ಒಂದು ಲಕೋಟೆಯಲ್ಲಿಟ್ಟು ಕಳಿಸುವುದೆಂದು ತೀರ್ಮಾನಿಸಿದೆವು. ಕೊಂಡವರಲ್ಲಿ ಮೂವರು ಮಾತ್ರ ಅದರ ಪ್ರಸ್ತಾಪ ಮಾಡಿದರು. ಒಬ್ಬರು, ಈ ಕಾಗದದಿಂದ ಕಾರ್ಡಿನ ಬೆಲೆಗೆ ಕುಂದು ಬರುವುದಿಲ್ಲವಷ್ಟೆ ಎಂದು ವಿಚಾರಿಸಿದರು. ಇನ್ನೊಬ್ಬರು ಅಣ್ಣ ಸೈನ್ಯದಿಂದ ಮರಳಿದನೇ ಎಂದು ಕೇಳಿದರು. ಮರಳಿದ್ದ, ದೀಪವನ್ನು ಮಾತ್ರ ಕೊಡಲಿಲ್ಲ.

ಛಾವಣಿಯ ಖರ್ಚು ಹುಟ್ಟಿತು, ಸ್ವಲ್ಪ ಉಳಿಯಿತು ಕೂಡ. ಆ 'ಜಂಕ್ ವ್ಯಾಕ್ಸ್' ಕಾಲದ ಅರವತ್ತು ಸಾವಿರದಲ್ಲಿ ಅರ್ಧವನ್ನು ತೂಕದ ಲೆಕ್ಕದಂಥ ದರಕ್ಕೆ ಒಬ್ಬರು ಒಯ್ದರು. ಉಳಿದದ್ದನ್ನು, ಗೆಳೆಯರನ್ನು ನಾನು ಮೊದಲು ಕಂಡ ಅದೇ ಅಗ್ನಿಶಾಮಕ ಸಭಾಂಗಣದಲ್ಲಿ ಮಕ್ಕಳಿಗೆ ಹಂಚಿದೆವು, ಆದರೆ ಅವರ ನಿಯಮಕ್ಕೆ ಭಂಗ ಬರದಂತೆ: ಒಂದು ಹಿಡಿ ಕಾರ್ಡಿಗೆ ಒಂದು ಚಿತ್ರವನ್ನಾದರೂ, ಒಂದು ಒಗಟನ್ನಾದರೂ, ಕೊನೆಗೆ ಜೇಬಿನಲ್ಲಿರುವ ಏನನ್ನಾದರೂ ಕೊಡಬೇಕು. ಮನೆಗೆ ಬಂದಾಗ ನಮ್ಮ ಬಳಿ ಹದಿನೇಳು ಗೋಲಿ, ಒಂದು ಹಲ್ಲು, ಲೆಕ್ಕವಿಲ್ಲದಷ್ಟು ಡೈನೊಸಾರುಗಳ ಚಿತ್ರ ಇದ್ದವು. ಕಾರ್ಡುಗಳಲ್ಲಿ ಕೆಲವು ಸಂಜೆಯೊಳಗೇ ಸೈಕಲ್ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಪಟಪಟನೆ ಸದ್ದು ಮಾಡುತ್ತಿದ್ದವು.

ಉಳಿದ ಸೆಟ್ಟುಗಳನ್ನು, ಬಿಡಿಸಿ ಮಾರಿದರೆ ಹೆಚ್ಚು ಬರುತ್ತಿತ್ತಾದರೂ, ಚೀಟಿ ಸಮೇತ ಇಡಿಯಾಗಿ ಕೊಳ್ಳಲು ಒಪ್ಪಿದ ಇಬ್ಬರು ಹಳೆಯ ಸಂಗ್ರಾಹಕರಿಗೆ ಕೊಟ್ಟೆವು. ಕೊನೆಗೆ ಕಪಾಟಿನಲ್ಲಿ ಉಳಿದದ್ದು 1961ರ ಬೈಂಡರು. ಅದಕ್ಕೆ ನನ್ನದೊಂದು ಹಳೆಯ ಸೇಡು ಅಂಟಿಕೊಂಡಿತ್ತು.

2001ರಲ್ಲಿ, ನಾನು 1961ರ ಸರಣಿ ಕೂಡಿಸಲು ಹೊರಟಾಗ, ನನಗೆ ಬೇಕಾದ ಸಂಖ್ಯೆಗಳ ಪಟ್ಟಿಯನ್ನು ಅವರೇ ಬರೆದುಕೊಟ್ಟಿದ್ದರು. ಅದರಲ್ಲಿ 426 ಇತ್ತು. ಎರಡು ತಿಂಗಳು ಸಂತೆಯಿಂದ ಸಂತೆಗೆ ಅಲೆದು ಆ ಸಂಖ್ಯೆಯನ್ನು ಕೇಳಿದೆ. ಕೇಳಿದವರೆಲ್ಲ ಗಂಭೀರವಾಗಿ ತಲೆಯಾಡಿಸಿ, ಬಹಳ ಕಷ್ಟ, ಮುಂದಿನ ಮೇಜಿನಲ್ಲಿ ವಿಚಾರಿಸು ಎನ್ನುತ್ತಿದ್ದರು. ಕೊನೆಗೊಬ್ಬ ಮುದುಕ ಕನಿಕರಪಟ್ಟು ಗುಟ್ಟು ಬಿಟ್ಟ. 1961ರ ಸರಣಿಯಲ್ಲಿ ಸಂಖ್ಯೆಗಳು 589ರವರೆಗೆ ಓಡುತ್ತವೆ, ಕಾರ್ಡುಗಳಿರುವುದು 587. 587 ಮತ್ತು 588ನೆಯ ಸಂಖ್ಯೆಗಳು ಹೊರಬರಲೇ ಇಲ್ಲ. 426 ಆಗಬೇಕಿದ್ದ ಮಿಲ್ವಾಕಿ ಬ್ರೇವ್ಸ್ ತಂಡದ ಕಾರ್ಡಿಗೆ ಮುದ್ರಣದ ತಪ್ಪಿನಿಂದ 463 ಎಂದು ಬಿದ್ದು, 463ರ ನಿಜವಾದ ಒಡೆಯ ಜ್ಯಾಕ್ ಫಿಶರನೊಂದಿಗೆ ಅದು ಒಂದೇ ಸಂಖ್ಯೆ ಹಂಚಿಕೊಂಡಿತು. (ಈ ಫಿಶರ್ ಪಾಪದ ಎಸೆತಗಾರ, ಹೆಸರಾಂತ ಹೊಡೆತಗಾರ ಟೆಡ್ ವಿಲಿಯಮ್ಸ್‌ನ ಕೊನೆಯ ಹೋಮ್ ರನ್ ಹೋದದ್ದೂ, ಮರುವರ್ಷ ರೋಜರ್ ಮ್ಯಾರಿಸ್‌ನ ಆ ಋತುವಿನ ಅರವತ್ತನೆಯದು ಹೋದದ್ದೂ ಇವನ ಎಸೆತಕ್ಕೇ.) ಸಿಟ್ಟಿನಿಂದ ಗೆಳೆಯರ ಮನೆಗೆ ಹೋದರೆ, ಅವರು ಬಾಗಿಲಲ್ಲೇ ನಗುತ್ತ ನಿಂತು, ಆ ಎರಡು ತಿಂಗಳಲ್ಲಿ ನನಗೆ ಎಷ್ಟು ಜನರ ಪರಿಚಯವಾಯಿತೆಂದು ಲೆಕ್ಕ ಕೇಳಿದರು.

ಸೆಪ್ಟೆಂಬರ್ ಕೊನೆಯ ಶನಿವಾರ ನಾನು ಆ ಬೈಂಡರಿನ 48ನೆಯ ಹಾಳೆಯನ್ನು ತೆರೆದೆ. ಮೇಲಿನ ಸಾಲಿನ ಮೂರನೆಯ ಜೇಬಿನಲ್ಲಿ ಕಾರ್ಡಿರಲಿಲ್ಲ, ಚೀಟಿಯಿತ್ತು. ಚೀಟಿಯ ಮೇಲೆ ಕೈಬರಹವಿರಲಿಲ್ಲ. ವಿಳಾಸ ಸಿಗದೆ ಹಿಂದಿರುಗುವ ಕಾಗದಗಳ ಮೇಲೆ ಇಲ್ಲಿನ ಅಂಚೆಯವರು ಒತ್ತುವ, ಬೆರಳು ತೋರಿಸುವ ಕೈಯ ಕೆಂಪು ಮುದ್ರೆ: ಇಂಥ ಸಂಖ್ಯೆಯ ಮನೆಯಿಲ್ಲ. ಬ್ರೇವ್ಸ್ ತಂಡ ಮತ್ತು ಫಿಶರ್ 463ರ ಒಂದೇ ಜೇಬಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿಕೊಂಡಿದ್ದರು. 312ನೆಯ ಕಾರ್ಡು, ಅಂದರೆ 1960ರ ವಿಶ್ವ ಸರಣಿಯ (ವರ್ಷದ ಕೊನೆಯ ಚಾಂಪಿಯನ್ ಪಂದ್ಯಗಳ) ಏಳನೆಯ ಪಂದ್ಯವನ್ನು ಪೈರೇಟ್ಸ್ ತಂಡಕ್ಕೆ ಬಿಲ್ ಮ್ಯಾಜೆರೋಸ್ಕಿಯ ಹೋಮ್ ರನ್ ಗೆದ್ದುಕೊಟ್ಟದ್ದರ ಕಾರ್ಡು, ಎಲ್ಲಕ್ಕಿಂತ ಹೆಚ್ಚು ಸವೆದಿತ್ತು. ಬೈಂಡರಿನ ಹಿಂದಿನ ಜೇಬಿನಲ್ಲಿ ಒಂದು ನೀಲಿ ನೋಟುಪುಸ್ತಕ. ಅದು ಕೊಟ್ಟ ಕಾರ್ಡುಗಳ ಲೆಕ್ಕ. 1999ರ ಪುಟದಲ್ಲಿ ನನ್ನ ಹೆಸರಿತ್ತು, ಪೂರ್ತಿಯಾಗಿ, ಒಂದಕ್ಷರವೂ ತಪ್ಪದೆ: "1973ರ 50. ಪಡೆದದ್ದು: ನಿಂಬೆ ಉಪ್ಪಿನಕಾಯಿ, ನಾಲ್ಕು ಹೋಳು. ತೀವ್ರ."

ಅವರು ಬದುಕಿದ್ದಾಗ ಪ್ರತಿವರ್ಷ ಅಕ್ಟೋಬರ್ 13ರಂದು ನಾವು ಓಕ್ಲಂಡ್ ಬಡಾವಣೆಗೆ ಹೋಗುತ್ತಿದ್ದೆವು. 1960ರ ಆ ಪಂದ್ಯ ನಡೆದ, ಆಮೇಲೆ ಕೆಡವಿದ ಫೋರ್ಬ್ಸ್ ಫೀಲ್ಡ್ ಮೈದಾನದ ಇಟ್ಟಿಗೆ ಗೋಡೆಯ ಒಂದು ಭಾಗ ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಇನ್ನೂ ನಿಂತಿದೆ. ಅದರ ಮುಂದೆ ಮಡಿಸುವ ಕುರ್ಚಿಗಳಲ್ಲಿ ಕುಳಿತು, ಆ ಏಳನೆಯ ಪಂದ್ಯದ ರೇಡಿಯೊ ವೀಕ್ಷಕ ವಿವರಣೆಯ ಧ್ವನಿಮುದ್ರಣವನ್ನು ಜನ ಪೂರ್ತಿಯಾಗಿ ಕೇಳುತ್ತಾರೆ; 1960ರಲ್ಲಿ ಚೆಂಡು ಗೋಡೆ ದಾಟಿದ 3 ಗಂಟೆ 36 ನಿಮಿಷಕ್ಕೇ ಅದು ಮತ್ತೆ ದಾಟುವಂತೆ ಹೊಂದಿಸಿರುತ್ತಾರೆ. ಪೈರೇಟ್ಸ್ 10, ಯಾಂಕೀಸ್ 9. ಫಲಿತಾಂಶ ಗೊತ್ತಿದ್ದೂ ಒಂಬತ್ತನೆಯ ಸರದಿಯಲ್ಲಿ ನನ್ನ ಗೆಳೆಯರ ಮಂಡಿ ಅಲ್ಲಾಡುತ್ತಿತ್ತು. ಈ ಸಲ ಅವರ ಪತ್ನಿ ಬಂದರು, ಅವರ ಕುರ್ಚಿಯನ್ನೇ ಹೊತ್ತು. ತಾವು ಇಷ್ಟು ವರ್ಷ ಇಲ್ಲಿಗೆ ಬರದಿದ್ದದ್ದು ಬೇಸ್‌ಬಾಲ್ ಬೇಸರದ ಆಟವೆಂಬ ಒಂದೇ ಕಾರಣಕ್ಕೆ ಎಂದರು. ಎಂಟನೆಯ ಸರದಿಯ ಹೊತ್ತಿಗೆ ಅವರು ನಿದ್ದೆಹೋಗಿದ್ದರು, 3.36ರ ಕೂಗಿಗೆ ಎಚ್ಚರಗೊಂಡು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದರು.

ಹೊರಡುವಾಗ ಕಾರಿನ ಹಿಂದಿನ ಸೀಟಿನಿಂದ 1961ರ ಬೈಂಡರನ್ನು ತೆಗೆದು ನನ್ನ ಕೈಗಿತ್ತರು. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ, ಇದೇನೂ ಉಡುಗೊರೆಯಲ್ಲ, ಅವನ ಮನೆಯಲ್ಲಿ ಅಂಥ ಪದ್ಧತಿ ಇಲ್ಲ, ನಿನ್ನ ಹೆಂಡತಿ ಹಾಕುವ ಆ ನಿಂಬೆ ಉಪ್ಪಿನಕಾಯಿಯ ಒಂದು ಭರಣಿ ಬೇಕು, ಖಾರ ಕಡಿಮೆ ಮಾಡಬಾರದು ಎಂದರು.

ಉಪ್ಪಿನಕಾಯಿ ಕಳಿಯಲು ಮೂರು ವಾರ ಹಿಡಿಯಿತು. ಭರಣಿಯನ್ನು ತಲುಪಿಸಿ ಬಂದ ರಾತ್ರಿ, ಅವರ ಚೀಟಿಗಳ ಅಳತೆಗೇ ಒಂದು ಕಾಗದ ಕತ್ತರಿಸಿ, ದಿನ, ಸ್ಥಳ, ಕೊಟ್ಟದ್ದು ಮೂರನ್ನೂ ಕನ್ನಡದಲ್ಲಿ ಬರೆದು, 48ನೆಯ ಹಾಳೆಯ ಆ ಮೂರನೆಯ ಜೇಬಿನಲ್ಲಿ, ಕೆಂಪು ಕೈಯ ಹಿಂದೆ ಸೇರಿಸಿಟ್ಟೆ.